ಕಬ್ಬಿಣ ಮಾಮಾನಿಗೆ ದನಿ ಕೊಟ್ಟವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಮುದ್ರದ ತಳದಿಂದ ಎದ್ದು ಬಂದು ಊರು ಕಾಯುವ ಜಪಾನಿನ ದೈತ್ಯ ಯಂತ್ರಮಾನವನನ್ನು ಆಳಂದ ಬಸ್ ನಿಲ್ದಾಣದ ಕಂಟ್ರೋಲರ್ ಮಾಡಿ ಕೂಡಿಸಿದ ಶಾಣ್ಯಾ ನಾನೇ. ಮಾಡು ಅಂತ ಯಾರೂ ಹೇಳಿರಲಿಲ್ಲ. ಜಪಾನಿನವರಂತೂ ಖಂಡಿತ ಹೇಳಿರಲಿಲ್ಲ. ನಾಲಿಗೆ ತುರಿಸಿತು, ಮಾಡಿದೆ. ಊರೆಲ್ಲ ನಕ್ಕಿತು. ನಗು ಮುಗಿಯುವಷ್ಟರಲ್ಲಿ ಒಬ್ಬ ಹಿರಿಯರ ಕೈಯಿಂದ ಮೈಕು ಹೋಗಿತ್ತು.

ಆ ಹಿರಿಯರು ಈಗ ನಿವೃತ್ತರಾಗಿ ಅಫಜಲಪುರದ ಕಡೆಯ ತಮ್ಮ ಊರಿಗೆ ಹೋಗಿದ್ದಾರೆ. ಇತ್ತ ಆ ಯಂತ್ರಮಾನವನ ಸಿನಿಮಾದ ಎರಡನೆಯ ಭಾಗ ಬರುತ್ತದೆಂದು ಪೋಸ್ಟರ್ ಬಿದ್ದಿದೆ. ನಿಲ್ದಾಣದ ಎದುರಿನ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಬಂದವರೆಲ್ಲ ಸ್ಕ್ರೀನ್ ಗಾರ್ಡ್ ಹಾಕಿಸಿಕೊಳ್ಳುತ್ತ ಕೇಳುವುದು ಒಂದೇ: ಈ ಸಲ ಮಾಮಾ ಯಾರ ದನಿಯಲ್ಲಿ ಮಾತಾಡುತ್ತಾನೆ? ದನಿಯ ಮಾಲೀಕರ ಬಗ್ಗೆ ನಾಲ್ಕು ಮಾತು ಬರೆಯದೆ ಇದಕ್ಕೆ ಉತ್ತರ ಕೊಡುವುದು ಸರಿಯಲ್ಲ. ಹೆಸರು ಬರೆಯುವುದಿಲ್ಲ. ಇಡೀ ನಿಲ್ದಾಣ ಅವರನ್ನು ಕಾಕಾ ಅನ್ನುತ್ತಿತ್ತು. ಅವರಿಗಿಂತ ಹಿರಿಯರಾದ ಮುದುಕರೂ ಕಾಕಾ ಅಂತಲೇ ಕರೆದು ಬಸ್ಸು ಕೇಳುತ್ತಿದ್ದರು. ನನಗೂ ಅಷ್ಟೇ ಸಾಕು.

ನಾನು ನಿಂಬರ್ಗಾದವನು. ಮುಂಜಾನೆ ಕೇಳಿದ ದನಿ ಸಂಜೆಯೊಳಗೆ ನನ್ನ ಬಾಯಿಗೆ ಹತ್ತಿಕೊಳ್ಳುತ್ತದೆ. ಕಾಲೇಜಿನ ಪ್ರಾಚಾರ್ಯರ ಕೆಮ್ಮು, ಚಹಾದಂಗಡಿಯವನ ಮೂಗು, ಕನ್ನಡಿಯ ಮುಂದೆ ನಿಂತಾಗಿನ ನನ್ನದೇ ಗತ್ತು, ಯಾವುದನ್ನೂ ಬಿಟ್ಟವನಲ್ಲ. ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನಮ್ಮವ್ವ ಮಾತ್ರ ಒಮ್ಮೆ, “ನಮ್ಮ ಮನ್ಯಾಗ ಊರ ಮಂದಿ ದನಿ ಎಲ್ಲಾ ಕೇಳ್ತಾವ. ಕಸಬರಿಗಿ ಹಿಡದ ಸಪ್ಪಳ ಒಂದ್ ಕೇಳಂಗಿಲ್ಲ,” ಅಂದಿದ್ದಳು. ಅವಳ ಆ ದನಿಯನ್ನೂ ಕಲಿತಿದ್ದೇನೆ.

ಇನ್ನು ಮಾಮಾನ ಪರಿಚಯ. ಅವನ ಜಪಾನಿ ಹೆಸರು ಎಷ್ಟು ಉದ್ದವೆಂದರೆ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ರಾಕ್ಷಸ ಅರ್ಧ ಊರು ಕೆಡವಿರುತ್ತಿದ್ದ. ನಮ್ಮ ಓಣಿಯ ಹುಡುಗರು ಕಬ್ಬಿಣ ಮಾಮಾ ಅಂದರು, ಅದೇ ಉಳಿಯಿತು. ನಾವು ಶಾಲೆಗೆ ಹೋಗುವ ಕಾಲಕ್ಕೆ ಟೀವಿಯಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಕಾರ್ಟೂನ್ ಅದು. ಕಥೆ ಇಷ್ಟೇ: ಒಂದು ಬಂದರಿನ ಊರು, ನೀರಿನಿಂದ ಏಳುವ ರಾಕ್ಷಸರು, ಅವರನ್ನು ತಡೆಯಲು ಸಮುದ್ರದ ತಳದಲ್ಲಿ ಮಲಗಿಸಿಟ್ಟ ಗುಡ್ಡದಂಥ ಕಬ್ಬಿಣದ ಮನುಷ್ಯ. ಅವನು ತಾನಾಗಿ ಏಳುವುದಿಲ್ಲ. ಮೂವರು ಹುಡುಗಿಯರು ಓಡಿ ಬಂದು ಒಬ್ಬಳು ತಲೆಯಲ್ಲಿ, ಒಬ್ಬಳು ಎದೆಯಲ್ಲಿ, ಒಬ್ಬಳು ಕಾಲಿನಲ್ಲಿ ಕೂತು ನಡೆಸಬೇಕು. ಆ ಹುಡುಗಿಯರನ್ನು ಕೂಗಿ ಕರೆದು ಹತ್ತಿಸಿಕೊಳ್ಳುವವನು ಮಾಮಾನೇ. ಮೂವರೂ ಕೂರುವ ತನಕ ಅವನ ಕಣ್ಣು ಹೊತ್ತುವುದಿಲ್ಲ. ನಿಂಬರ್ಗಾದಲ್ಲಿ ಸರಿಯಾಗಿ ಆ ಕಣ್ಣು ಹೊತ್ತುವಾಗ ಕರೆಂಟು ಹೋಗುತ್ತಿತ್ತು. ಹೀಗಾಗಿ ಎಷ್ಟೋ ಯುದ್ಧಗಳನ್ನು ಯಾರು ಗೆದ್ದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಮಾಮಾನ ಸಂಸಾರ ಬೆಳೆಯಿತು. ಕಂಪಾಸ್ ಪೆಟ್ಟಿಗೆಯ ಮೇಲೆ ಬಂದ, ಬಬಲ್‌ಗಮ್ಮಿನೊಳಗೆ ಸ್ಟಿಕ್ಕರ್ ಆಗಿ ಬಂದ, ನೀರಿನ ಬಾಟಲಿಯ ಮೇಲೆ ಬಂದ. ಮಾಮಾನ ಮಗನ ಹೆಸರಿನಲ್ಲಿ ಬೇರೆ ಧಾರಾವಾಹಿ ಬಂತು. ಹಾಲು ಕುಡಿಯುವ ಮಕ್ಕಳಿಗಾಗಿ ಮಾಮಾ ತೊಟ್ಟಿಲಲ್ಲಿ ಮಲಗಿದ ಇನ್ನೊಂದು ಬಂತು. ಮೊಬೈಲ್ ಆಟ, ಚಿತ್ರಪುಸ್ತಕ, ಕೀಲಿ ಕೊಟ್ಟರೆ ನಡೆಯುವ ಬೊಂಬೆ. ಕಬ್ಬಿಣಕ್ಕೆ ಮಕ್ಕಳು ಹೇಗೆ ಹುಟ್ಟಿದವೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅದು ಬೇಕು, ಇದು ಬೇಕು ಅಂತ ಅಪ್ಪನ ಅಂಗಿ ಜಗ್ಗಿದೆವು, ಅಷ್ಟೇ. ಕೊನೆಗೆ ದೊಡ್ಡ ಪರದೆಗೆ ಹೊಸ ಸಿನಿಮಾ ಬರುತ್ತದೆಂಬ ಸುದ್ದಿಯಾದಾಗ ಅಫಜಲಪುರದ ಬೇಕರಿಯಲ್ಲಿ ಮಾಮಾನ ಕೇಕು ಬಂತು, ಜೇವರ್ಗಿ ಸಂತೆಯಲ್ಲಿ ಟೀ ಶರ್ಟು ಬಂತು. ನಾನು ಕೊಂಡದ್ದರಲ್ಲಿ ಅವನಿಗೆ ಮೂರು ಕೈ ಇದ್ದವು. ಇದ್ಯಾಕೆ ಅಂತ ಕೇಳಿದರೆ ಅಂಗಡಿಯವನು, “ಅದೇ ರೇಟಿನಾಗ ಒಂದ್ ಕೈ ಜಾಸ್ತಿ ಕೊಟ್ಟೇನಿ, ಸುಮ್ಮ ತಗೊಂಡ್ ಹೋಗ್ರಿ,” ಅಂದ. ಅದನ್ನೇ ತೊಟ್ಟು ಕಲಬುರಗಿಗೆ ಹೋಗಿ ಬಿಡುಗಡೆಯ ದಿನದ ಮೊದಲ ಆಟಕ್ಕೆ ಕೂತೆ.

ಮಾಮಾ ಹಿಂದಿ, ತಮಿಳು, ತೆಲುಗು ಎಲ್ಲ ಕಲಿತು ಬಂದಿದ್ದ. ಕನ್ನಡ ಮಾತ್ರ ಬರುತ್ತಿರಲಿಲ್ಲ. ಅದು ಹೋಗಲಿ ಅಂದರೆ, ಹಿಂದಿ ದನಿ ಕೊಟ್ಟ ಪುಣ್ಯಾತ್ಮ ಖಾಲಿ ಡ್ರಮ್ಮಿನಲ್ಲಿ ತಲೆ ಹಾಕಿ ಕೂಗಿದಂತಿತ್ತು. ರಾಕ್ಷಸನಿಗೂ ಅದೇ ಗುಡುಗು, ಹತ್ತಿಸಿಕೊಳ್ಳಬೇಕಾದ ಹುಡುಗಿಯರಿಗೂ ಅದೇ ಗುಡುಗು. ಚಿಕ್ಕಂದಿನಿಂದ ಕೇಳಿದ ದನಿಯೇ, ಆದರೂ ಅವತ್ತು ಯಾಕೋ ಹೊಂದಲಿಲ್ಲ. ಅದೇ ಬೇಸರದಲ್ಲಿ ಸಂಜೆ ಆಳಂದಕ್ಕೆ ಬಂದು ಬಸ್ಸಿನಿಂದ ಇಳಿಯುತ್ತಿದ್ದೆ. ನಿಲ್ದಾಣದ ಮೈಕಿನಲ್ಲಿ ಕಾಕಾ ಹೇಳುತ್ತಿದ್ದರು: “ನರೋಣಾಕ್ಕ ಹೋಗೋರು ಗೋಡಿ ಕಡಿ ಬರ್ರಿ. ಅವಸರ ಮಾಡಬ್ಯಾಡ್ರಿ, ಬಸ್ ನಿಮ್ದೇ ಅದ.” ದಿನಾ ಕೇಳುವ ಮಾತು. ಅವತ್ತು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಹಿಂದಿನವನು ಬೆನ್ನಿಗೆ ಗುದ್ದಿ ಇಳಿಸಿದ. ಮಾಮಾ ಹೀಗಲ್ಲವೇ ಮಾತಾಡಬೇಕಿದ್ದದ್ದು ಅಂತ ನನಗೆ ಹೊಳೆದುಬಿಟ್ಟಿತ್ತು.

ಕಾಕಾ ತೆಳ್ಳಗಿನ ಆಳು. ಮೈಕಿನ ಹಿಂದೆ ಕೂತರೆ ಮೈಕೇ ದಪ್ಪ ಕಾಣಿಸುತ್ತಿತ್ತು. ಆದರೆ ದನಿಯ ವಿಷಯದಲ್ಲಿ ಮಾತ್ರ ಭಾರಿ ಗರ್ವ. ಕಲ್ಲು ಕಾಯುವ ಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್. ಕಿಸೆಯಲ್ಲಿ ಲವಂಗ, ಮೇಜಿನ ಮೇಲೆ ಬಿಸಿನೀರಿನ ಥರ್ಮಾಸ್. ತಂಪು ಸೋಡಾ ಕುಡಿಯುವವರನ್ನು ಆಸ್ಪತ್ರೆಯ ಹೊರಗೆ ನಿಂತವರನ್ನು ನೋಡುವ ಹಾಗೆ ನೋಡುತ್ತಿದ್ದರು. ತಡ ಅನ್ನುವ ಶಬ್ದ ಅವರ ಬಾಯಿಂದ ಬಂದದ್ದೇ ಇಲ್ಲ. ಬಸ್ಸು ಇನ್ನೂ ಕಲಬುರಗಿಯ ಗ್ಯಾರೇಜಿನಲ್ಲಿ ಮಲಗಿದ್ದರೂ ಮೈಕಿನಲ್ಲಿ ಅದು “ಬರಾಕತ್ತದ.” ಇನ್ನೊಂದು ರೂಢಿಯಿತ್ತು. ಸ್ವಿಚ್ಚಿನ ಮೇಲೆ ಬೆರಳಿಟ್ಟು, ಕುರ್ಚಿಯಿಂದ ಅರ್ಧ ಎದ್ದು, ಕಿಟಕಿಯಾಚೆ ಒಮ್ಮೆ ಕಣ್ಣಾಡಿಸಿ, ಮತ್ತೆ ಕೂತು ಆಮೇಲೆ ಮಾತು. ನಾನು ಗೆಳೆಯರ ಮುಂದೆ ಆ ಅರ್ಧ ಏಳುವುದನ್ನೂ ಮಾಡಿ ನಗಿಸುತ್ತಿದ್ದೆ. ಯಾಕೆ ಏಳುತ್ತಾರೆಂದು ಕೇಳಿಕೊಂಡಿರಲಿಲ್ಲ.

ಒಂದು ಸಲ ನರೋಣಾದ ಹೆಣ್ಣುಮಗಳೊಬ್ಬಳು ಹೊಲಿಗೆ ಯಂತ್ರವನ್ನು ಹಳೆ ಸೀರೆಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಬರುತ್ತಿದ್ದಳು. ಅವಳ ಬಸ್ಸು ಆಗಲೇ ಹೊರಳತೊಡಗಿತ್ತು. ಆ ಡ್ರೈವರನೋ, ನಿಲ್ಲಿಸು ಅಂದರೆ ಇನ್ನಷ್ಟು ಜೋರಾಗಿ ಬಿಡುವ ಜಾತಿ. ಕಾಕಾ ನಿಲ್ಲಿಸು ಅನ್ನಲೇ ಇಲ್ಲ. ಮೈಕಿನಲ್ಲಿ ಮೆಲ್ಲಗೆ, “ನರೋಣಾ ಡ್ರೈವರ್ ಸಾಹೇಬ್ರ, ನಿಮ್ಮ ಚಹಾ ಅರ್ಧ ಉಳದದ, ಆರಾಕತ್ತದ,” ಅಂದರು. ಡ್ರೈವರು ಬಸ್ಸು ನಿಲ್ಲಿಸಿ, ಇಳಿದು, ಹೋಟೆಲ್ಲಿನತ್ತ ಹೆಜ್ಜೆ ಹಾಕಿದ. ಅಲ್ಲಿ ಹೋದ ಮೇಲೆ ತಾನು ಅವತ್ತು ಚಹಾ ಹೇಳಿಯೇ ಇರಲಿಲ್ಲವೆಂದು ನೆನಪಾಗಿರಬೇಕು. ಹೇಗೂ ಬಂದಾಗಿದೆಯಲ್ಲ ಅಂತ ಒಂದು ಕಪ್ಪು ಕುಡಿದೇ ಬಂದ. ಅಷ್ಟರಲ್ಲಿ ಹೆಣ್ಣುಮಗಳು ಮುಂದಿನ ಸೀಟಿನಲ್ಲಿ ಯಂತ್ರವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದಳು.

ಇನ್ನೊಮ್ಮೆ ಯಾರೋ ಒಬ್ಬ ಗೃಹಸ್ಥ ಜನರನ್ನು ಮೊಣಕೈಯಿಂದ ಸರಿಸಿ ಬಸ್ಸು ಹತ್ತಿ, ಕಿಟಕಿಯ ಸೀಟು ಹಿಡಿದು, ಜಗತ್ತು ಗೆದ್ದವನ ಹಾಗೆ ಕಾಲು ಚಾಚಿದ್ದ. ಮೈಕು ಮಾತಾಡಿತು: “ನೀಲಿ ಅಂಗಿ ಯಜಮಾನ್ರ, ಕಿಡಕಿ ಸೀಟ್ ಸಿಕ್ಕಿದ್ದು ಭಾಳ ಛಲೋ ಆತು. ನಿಮ್ಮ ಮನಿಯವ್ರು ಇನ್ನಾ ನಳದ ಹತ್ರ ನಿಂತಾರ.” ನಿಲ್ದಾಣವಿಡೀ ನೀಲಿ ಅಂಗಿ ಹುಡುಕಿತು. ಆತ ಇಳಿದು ಹೋಗಿ ಹೆಂಡತಿಯ ಕೈಯಲ್ಲಿದ್ದ ಚೀಲಗಳನ್ನೆಲ್ಲ ತಾನೇ ಹೊತ್ತು ತಂದ.

ಇಂಥ ದನಿಯನ್ನು ಮಾಮಾನ ಬಾಯಿಗೆ ಹಾಕಿದೆ. ಸಿನಿಮಾದವರು ತಾವೇ ಬಿಟ್ಟಿದ್ದ ಒಂದು ತುಣುಕಿನ ಸದ್ದು ತೆಗೆದು, ಮರುದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಫೋನಿನಲ್ಲಿ ನನ್ನ ಮಾತು ಕೂಡಿಸಿದೆ. ಹಿಂದೆ ಬಸ್ಸಿನ ಹಾರ್ನು ತಾನಾಗಿ ಬಂತು. ಮೈಕು ಹಾಕಿದಾಗಿನ ಕುಂಯ್ ಸಪ್ಪಳವನ್ನೂ ತುಟಿಯಲ್ಲೇ ಮಾಡಿದೆ. ಪರದೆಯ ಮೇಲೆ ಹುಡುಗಿಯರು ಓಡಿ ಬರುತ್ತಾರೆ, ನೀರಿನಿಂದ ರಾಕ್ಷಸ ತಲೆ ಎತ್ತುತ್ತಾನೆ, ಮಾಮಾ ಹೇಳುತ್ತಾನೆ: “ತಲಿಗೆ ಹೋಗೋರು ಏಣಿ ಕಡಿ ಬರ್ರಿ. ಎದಿಗೆ ಹೋಗೋರು ಬಾಗಲದಾಗ ನಿಂದರಬ್ಯಾಡ್ರಿ, ಒಳಗ ಸರೀರಿ. ಕಾಲಿನ ತಂಗಿ ಇನ್ನಾ ಬಂದಿಲ್ಲ. ರಾಕ್ಷಸ ಸಾಹೇಬ್ರ, ಜರಾ ನಿಂದರ್ರಿ, ಹುಡುಗಿ ಹತ್ತಲಿ.”

ಗೆಳೆಯರ ಗುಂಪಿಗೆ ಕಳಿಸಿದೆ. ಅಲ್ಲಿಂದ ಅದು ಎಲ್ಲೆಲ್ಲಿ ಹೋಯಿತೋ. ಜೇವರ್ಗಿಯ ಟಂಟಂ ಆಟೋಗಳಲ್ಲಿ ಕೇಳಿತು, ಅಫಜಲಪುರದ ಮದುವೆ ಗುಂಪುಗಳಲ್ಲಿ ಹರಿದಾಡಿತು. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರುವ ಟ್ರ್ಯಾಕ್ಟರಿನ ಹಿಂದೆ “ರಾಕ್ಷಸ ಸಾಹೇಬ್ರ, ಜರಾ ನಿಂದರ್ರಿ” ಅಂತ ಬಣ್ಣದಲ್ಲಿ ಬರೆಸಿದ್ದನ್ನು ನಾನೇ ಕಣ್ಣಾರೆ ಕಂಡು ಹಿಗ್ಗಿದೆ. ಹಿಗ್ಗು ಎಷ್ಟಿತ್ತೆಂದರೆ, ಎದುರಿನ ನಿಲ್ದಾಣದ ಮೈಕಿನಲ್ಲಿ ಬೇರೆ ಯಾರೋ ಮಾತಾಡುತ್ತಿದ್ದಾರೆಂಬುದು ನನ್ನ ಗಮನಕ್ಕೇ ಬರಲಿಲ್ಲ.

ಚಹಾದಂಗಡಿಯವನು ಹೇಳಿದ ಮೇಲೆ ತಿಳಿಯಿತು. ತುಣುಕು ಮೇಲಿನ ಕಚೇರಿಯವರೆಗೆ ಹೋಗಿತ್ತು. ಅಲ್ಲಿಯವರು ಅದನ್ನು ಕೇಳಿ, ಇದು ಕಾಕಾರದೇ ದನಿ, ಡ್ಯೂಟಿಯ ಮೇಲೆ ಸರಕಾರಿ ಮೈಕಿನಲ್ಲಿ ಜಪಾನಿ ಕಾರ್ಟೂನಿಗೆ ಮಾತು ಕೊಟ್ಟು ಸಂಪಾದನೆ ಮಾಡುತ್ತಿದ್ದಾರೆಂದು ತೀರ್ಮಾನಿಸಿದ್ದರು. ಹಾರ್ನು ಇದೆ, ಕುಂಯ್ ಇದೆ, ಇನ್ನೇನು ಬೇಕು. ವಿಚಾರಣೆ ಮುಗಿಯುವವರೆಗೆ ಮೈಕು ಮುಟ್ಟಕೂಡದು ಅಂತ ಆದೇಶವಾಗಿತ್ತು. ನಿವೃತ್ತಿ ಹತ್ತಿರವಿತ್ತು. ವಿಚಾರಣೆ ಎಳೆದಾಡಿದರೂ ಅಷ್ಟೇ, ತೀರ್ಪು ವಿರುದ್ಧ ಬಂದರೂ ಅಷ್ಟೇ, ಜನ್ಮವೆಲ್ಲ ಮಾತಾಡಿದ ಆ ಕಿಟಕಿಯಿಂದ ಮತ್ತೊಂದು ಮಾತು ಆಡದೆಯೇ ಕಾಕಾ ಮನೆಗೆ ಹೋಗಬೇಕಿತ್ತು.

ಓಡಿದೆ. ಕ್ಯಾಬಿನ್ನಿನ ಮೂಲೆಯಲ್ಲಿ ಒಂದು ಕುರ್ಚಿ ಹಾಕಿ ಕೂಡಿಸಿದ್ದರು. ಕೊರಳಲ್ಲಿ ಮಫ್ಲರ್ ಇರಲಿಲ್ಲ. ಅದಿಲ್ಲದ ಕುತ್ತಿಗೆಯನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಬಾಯಿಗೆ ಯಾರ ದನಿಯೂ ಬರಲಿಲ್ಲ.

“ಕಾಕಾ, ಅದು ನಾ ಮಾಡಿದ್ದು.”

“ಗೊತ್ತದ. ಆಳಂದದಾಗ ಇಷ್ಟು ಕೆಲಸ ಇಲ್ಲದಾಂವ ಮತ್ತ್ಯಾರದಾರ?”

“ಅವರಿಗೆ ಹೇಳಬೇಕಿತ್ತಲ್ರಿ.”

“ನಾ ಅಲ್ಲ ಅಂತ ಹೇಳೇನಿ. ಯಾರು ಅಂತ ಅವ್ರು ಕೇಳಿಲ್ಲ.” ಫೋನಿಗಾಗಿ ಕೈ ಚಾಚಿದರು. “ತಾ ಇಲ್ಲಿ, ಇನ್ನೊಮ್ಮಿ ಕೇಳಸು.”

ಕಣ್ಣು ಮುಚ್ಚಿ ಕೇಳಿದರು. ಬೈಯುತ್ತಾರೆಂದು ನಿಂತಿದ್ದೆ. “ಸರೀರಿ ಅನ್ನೂದು ಭಾಳ ಜಗ್ಗಿದಿ ಲೇ. ಅಷ್ಟು ಜಗ್ಗಿದ್ರ ಬಸ್ ಹೋಗಿಬಿಡ್ತದ,” ಅಂದರು. ಆಮೇಲೆ, ತಮ್ಮ ದನಿ ಹೊತ್ತು ತಿರುಗುವ ಆ ಮಾಮಾನನ್ನು ಒಮ್ಮೆ ನೋಡಬೇಕಲ್ಲ ಅಂದರು. ಮೈಕಿಲ್ಲದ ದಿನಗಳು, ರಜೆ ಕೇಳಿದರೆ ಬೇಡ ಅನ್ನುವವರಿರಲಿಲ್ಲ.

ಹೀಗೆ ಕಾಕಾರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅದೇ ಸಿನಿಮಾಕ್ಕೆ ಇನ್ನೊಮ್ಮೆ ಹೋದೆ. ಮೊದಲರ್ಧ ಅವರು ಲವಂಗ ಅಗಿಯುತ್ತ ಕೂತಿದ್ದರು. ಹಿಂದಿಯ ಗುಡುಗು ಬಂದಾಗಲೆಲ್ಲ ಮುಖ ಕಿವುಚುತ್ತಿದ್ದರು. ಕೊನೆಯ ಯುದ್ಧದಲ್ಲಿ ಕಾಲಿನ ಹುಡುಗಿ ಬರುವುದು ತಡವಾಗುತ್ತದೆ. ರಾಕ್ಷಸ ಮಾಮಾನ ಹೆಗಲು ಕಚ್ಚುತ್ತಾನೆ, ನೀರು ಎದೆಗೇರುತ್ತದೆ, ಮಾಮಾ ಅಲುಗುವುದಿಲ್ಲ. ಕಾಯುತ್ತಾನೆ. ಕಾಕಾ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು ಅರ್ಧ ಎದ್ದುಬಿಟ್ಟಿದ್ದರು. ಹುಡುಗಿ ಹತ್ತಿದ ಮೇಲೆಯೇ ಕೂತದ್ದು.

ಹೊರಗೆ ಬಂದು ಅಂದರು: “ಕೆಲಸಗಾರ ಛಲೋ ಅದಾನ. ದನಿ ಕೊಟ್ಟಾಂವಗ ಗೊತ್ತಿಲ್ಲ. ಓಡಿ ಬರೂ ಮಂದಿಗೆ ಮೊದಲೇ ಎದಿ ಹೊಡ್ಕೋತಿರ್ತದ. ಅವರ ಮ್ಯಾಲ ಕೂಗಬಾರ್ದು. ನಿನಗ ಜಾಗಾ ಅದ ಅಂತ ಅವರಿಗೆ ಕೇಳಬೇಕು. ಅಷ್ಟ.”

ಕುರ್ಚಿಯಿಂದ ಅರ್ಧ ಎದ್ದು ಅವರು ನೋಡುತ್ತಿದ್ದದ್ದು ಓಡಿ ಬರುವವರನ್ನು. ನಾನು ಅಷ್ಟು ದಿನ ಅದನ್ನು ಮಾಡಿ ತೋರಿಸುತ್ತಿದ್ದೆ, ಒಮ್ಮೆಯೂ ಕಿಟಕಿಯಾಚೆ ನೋಡಿರಲಿಲ್ಲ.

ಇವತ್ತು ನನಗೆ ಕಲಬುರಗಿಯ ಒಂದು ಸಣ್ಣ ಸ್ಟುಡಿಯೋದಿಂದ ಕರೆ ಬರುತ್ತದೆ. ಶಾಲೆಯ ಮಕ್ಕಳಿಗಾಗಿ ಮಾಡುವ ಕಾರ್ಟೂನ್ ಪಾಠಗಳಲ್ಲಿ ಕಪ್ಪೆಯಾಗುತ್ತೇನೆ, ಮೋಡವಾಗುತ್ತೇನೆ, ಹುಳುಕು ಹಲ್ಲಾಗುತ್ತೇನೆ. ಹುಳುಕು ಹಲ್ಲಿಗೆ ಒಳ್ಳೆಯ ಹೆಸರು ಬಂದಿದೆ. ಮೈಕಿನ ಮುಂದೆ ನಿಂತಾಗ ಕೈಯಲ್ಲಿ ಚೀಲ ಹಿಡಿದು ಓಡಿ ಬರುತ್ತಿರುವ ಯಾರನ್ನಾದರೂ ಒಬ್ಬರನ್ನು ನೆನೆದುಕೊಳ್ಳುತ್ತೇನೆ. ಆಮೇಲೆ ಬಾಯಿ ತೆರೆಯುತ್ತೇನೆ. ಎಲ್ಲಿ ಕಲಿತಿರಿ ಅಂತ ಕೇಳಿದವರಿಗೆ ಬಸ್ ನಿಲ್ದಾಣದಲ್ಲಿ ಅನ್ನುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ. ನನ್ನ ಬಾಯಿಂದ ಬಂದ ನಿಜ ಯಾವಾಗಲೂ ಹೀಗೇ. ಆದರೆ ನಾನು ತಿನ್ನುವ ರೊಟ್ಟಿಯಲ್ಲಿ ಕಾಕಾರ ಪಾಲಿದೆ ಅನ್ನುವುದನ್ನು ಯಾರ ದನಿಯನ್ನೂ ಎರವಲು ಪಡೆಯದೆ ಹೇಳುತ್ತಿದ್ದೇನೆ.

ಮೈಕು ಹೇಗೆ ಮರಳಿತು ಅನ್ನುವುದೊಂದು ಉಳಿಯಿತು. ವಿಚಾರಣೆಗೆ ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ಮಧ್ಯಾಹ್ನದ ಹೊತ್ತಿಗೆ ಬಂದರು. ಯಾರೂ ಕರೆಯದಿದ್ದರೂ ನಾನು ಹೋಗಿ ನಿಂತೆ. ಸಾಹೇಬರು ಫೋನಿನಲ್ಲಿ ತುಣುಕು ಹಾಕಿ ಕಾಕಾರನ್ನು ಕೇಳಿದರು:

“ಈ ದನಿ ನಿಮ್ದಲ್ಲೇನ್ರಿ?”

“ದನಿ ನಂದೇ ಅದರಿ. ಮಾತಾಡಿದಾಂವ ನಾ ಅಲ್ಲ.”

ನಾನು ಮುಂದೆ ಬಂದು, ಮಾತಾಡಿದವನು ನಾನು ಅಂದೆ. ಸಾಹೇಬರು ನನ್ನನ್ನು, ನನ್ನ ಎದೆಯ ಮೇಲಿನ ಮೂರು ಕೈಯ ಮಾಮಾನನ್ನು ಮೇಲಿಂದ ಕೆಳಗೆ ನೋಡಿ, ಮಾಡಿ ತೋರಿಸು ಅಂದರು. ಬಾಯಿ ತೆರೆದೆ. ಸಾವಿರ ಮಂದಿಯ ಮುಂದೆ ನಾಚದ ಗಂಟಲಿನಿಂದ ಆಡಿನ ಮರಿ ಕೂಗಿದ ಹಾಗೆ ಏನೋ ಬಂತು. ಇನ್ನೊಮ್ಮೆ ಪ್ರಯತ್ನಿಸಿದೆ. ಈ ಸಲ ಆಡು ಇನ್ನೂ ಸಣ್ಣದಾಗಿತ್ತು. ಸಾಹೇಬರು ನಕ್ಕು, ಪಾಪ ಈ ಹುಡುಗನನ್ನು ಎಲ್ಲಿಂದ ಹಿಡಿದು ತಂದಿರಿ ಅಂತ ಕಾಕಾರನ್ನೇ ಕೇಳಿದರು.

ಅಷ್ಟರಲ್ಲಿ ಹೊರಗೆ ಭೂಸನೂರಿನ ಬಸ್ಸು ಹಿಂದಕ್ಕೆ ಹೊರಳತೊಡಗಿತು. ಅವತ್ತು ಅದನ್ನು ಬೇರೆ ಕಡೆ ನಿಲ್ಲಿಸಿದ್ದರು. ಮೈಕಿನ ಹೊಸ ಗುಮಾಸ್ತ ಆ ಬದಲಾವಣೆಯನ್ನು ಒಂದೇ ಉಸಿರಿನಲ್ಲಿ ಓದಿ ಊಟಕ್ಕೆ ಎದ್ದು ಹೋಗಿದ್ದ. ಕಬ್ಬು ಕಡಿಯಲು ಹೊರಟಿದ್ದ ಹೆಣ್ಣುಮಕ್ಕಳು ಗಂಟು ಮೂಟೆಗಳೊಂದಿಗೆ ಇನ್ನೂ ಅದು ದಿನಾ ನಿಲ್ಲುವ, ನಿಂಬರ್ಗಾ ಬಸ್ಸಿನ ಜಾಗದಲ್ಲಿ ಕೂತಿದ್ದರು. ಒಬ್ಬಾಕೆ ಬಸ್ಸಿನ ಬೋರ್ಡು ಕಂಡು ಎದ್ದು ಓಡತೊಡಗಿದಳು. ಕಾಕಾರ ಕೈ ತಾನಾಗಿ ಮೈಕಿನ ಕಡೆ ಹೋಯಿತು. ಅರ್ಧ ದಾರಿಯಲ್ಲಿ ಆದೇಶ ನೆನಪಾಗಿ, ಕೈಯನ್ನು ಹಿಂದಕ್ಕೆ ತಂದು ತೊಡೆಯ ಮೇಲೆ ಇಟ್ಟುಕೊಂಡರು.

ಆ ಕೈ ಹಿಂದಕ್ಕೆ ಬಂದದ್ದನ್ನು ಕಂಡ ಮೇಲೆ ನನಗೆ ಹೆದರಿಕೆಯ ನೆನಪಾಗಲಿಲ್ಲ. ಸ್ವಿಚ್ಚು ಒತ್ತಿದೆ. “ಭೂಸನೂರ ಡ್ರೈವರ್ ಸಾಹೇಬ್ರ, ಜರಾ ನಿಂದರ್ರಿ. ನಮ್ಮ ಹೆಣ್ಮಕ್ಕಳು ಬರಾಕತ್ತಾರ. ಯವ್ವಾ, ಓಡಬ್ಯಾಡ್ರಿ, ಬಸ್ ನಿಮ್ದೇ ಅದ.”

ಬಸ್ಸು ನಿಂತಿತು. ಡ್ರೈವರು ಕಿಟಕಿಯಿಂದ ಕೈ ಹೊರಗೆ ಹಾಕಿ, “ಹೌದ್ರಿ ಕಾಕಾ,” ಅಂದ. ಹೆಣ್ಣುಮಕ್ಕಳು ಓಡುವುದನ್ನು ಬಿಟ್ಟು ನಡೆದು ಬಂದು ಒಬ್ಬೊಬ್ಬರಾಗಿ ಹತ್ತಿದರು. ಸಾಹೇಬರು ಮಾತ್ರ ಹೊರಗೆ ನೋಡುತ್ತಿರಲಿಲ್ಲ. ಮುಚ್ಚಿಯೇ ಇದ್ದ ಕಾಕಾರ ಬಾಯಿಯನ್ನು ನೋಡುತ್ತಿದ್ದರು.

ತಪ್ಪು ತಿಳಿದದ್ದು ಅವರಿಗೆ ಅರ್ಥವಾಯಿತು. ಆದರೆ ಅಷ್ಟು ದೂರದಿಂದ ಬಂದ ಸಾಹೇಬರು ಸುಮ್ಮನೆ ಹೋಗುವುದುಂಟೇ. ಜಪಾನಿನ ರೋಬೋಟಿಗೂ ಈ ಹುಡುಗನೇ ನಿಮ್ಮ ದನಿ ಕೊಡುತ್ತಾನೆ, ಬಸ್ಸಿಗೂ ಇವನೇ ಕೊಡುತ್ತಾನೆ, ಹಾಗಿದ್ದಮೇಲೆ ಈ ಕುರ್ಚಿಗೆ ನೀವು ಯಾಕೆ ಬೇಕು, ಇವನನ್ನೇ ಕೂಡಿಸಿದರಾಯಿತಲ್ಲ ಅಂದರು. ಅದಕ್ಕೆ ಕಾಕಾ ಒಂದು ಮಾತು ಆಡಿದರು. ಅದನ್ನು ಕೇಳಿ ಸಾಹೇಬರು ಮೈಕನ್ನು ತಾವೇ ಅವರ ಕಡೆ ಸರಿಸಿಟ್ಟು, ಹೊರಗೆ ಹೋಗಿ ಜೀಪು ಹತ್ತಿದರು. ನಿವೃತ್ತಿಯ ದಿನದವರೆಗೆ ಆ ಮೈಕು ಕಾಕಾರ ಮುಂದೆಯೇ ಇತ್ತು. ಅವರಾಡಿದ ಮಾತನ್ನು ಅವರ ದನಿಯಲ್ಲಿ ಎಷ್ಟೋ ಸಲ ಹೇಳಿ ನೋಡಿದ್ದೇನೆ, ನನಗೆ ಒಮ್ಮೆಯೂ ಸರಿಯಾಗಿ ಬಂದಿಲ್ಲ:

“ಕೂಡಸ್ರಿ ಸಾಹೇಬ್ರ, ನಾ ಎದ್ದು ಜಾಗಾ ಬಿಡ್ತೇನಿ. ಆದ್ರ ಬಸ್ ತಪ್ಪಿದ ಮಂದಿ ಈ ಕಿಡಕಿಗೆ ಬಂದು ಮಾರಿ ನೋಡಿ ಬೈತಾರ. ದನಿ ಇವ ಕೊಡ್ತಾನ್ರಿ, ಬೈಸ್ಕೊಳ್ಳಾಕ ಮಾರಿ ಯಾರ್ದು ಕೊಡ್ತೀರಿ?”